ಅರ್ಧ ದಾರಿ ಕುದುರೆ ಮೇಲೆ, ಅರ್ಧ ದಾರಿ ಕುದುರೆ ಪಕ್ಕ

ಪ್ರಶ್ನೆ: ಹಿಂದೊಮ್ಮೆ ಯಾವುದೋ ಉತ್ತರದ ನಡುವೆ 'ನಗರದ (ಹೊಸನಗರ ತಾಲ್ಲೂಕಿನ ಊರು) ಕಡೆ ಕುದುರೆ ಮೇಲೆ ಹೋಗಿದ್ದಾಗ' ಅಂತ ಒಂದು ಮಾತು ಹೇಳಿ ಸುಮ್ಮನಾಗಿದ್ದಿರಿ. ಆ ಕತೆ ಪೂರ್ತಿ ಹೇಳಿ. ನನ್ನ ಮಗಳಿಗೆ 12 ವರ್ಷ, ಈ ರಜೆಯಲ್ಲಿ ಕುದುರೆ ಮೇಲೆ ಗುಡ್ಡ ಸುತ್ತಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮ ಮನೆಯಲ್ಲಿ ಯಾರೂ ಕುದುರೆ ಮುಟ್ಟಿದವರಲ್ಲ. ಕರೆದುಕೊಂಡು ಹೋಗಬಹುದಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಹೋಗಬಹುದು. ಆದರೆ ಮಗಳ ತಲೆಯಲ್ಲಿ ಇರುವುದು ಸಿನಿಮಾ ಕುದುರೆ ಇರಬೇಕು, ಬಯಲಲ್ಲಿ ಧೂಳೆಬ್ಬಿಸಿಕೊಂಡು ಓಡುತ್ತದಲ್ಲ, ಅದು. ಮಲೆನಾಡಲ್ಲಿ ಆ ಆಟ ನಡೆಯುವುದಿಲ್ಲ. ಇಲ್ಲಿ ದರೆ, ಹಳ್ಳ, ಬೇರು, ಜಾರುವ ಕಲ್ಲು. ಕುದುರೆ ನಡೆಯುತ್ತದೆ, ಅಷ್ಟೇ.

ನನ್ನ ಸ್ನೇಹಿತನೊಬ್ಬ ಕೆಲಸ ಬಿಟ್ಟು ನಗರದ ಹತ್ತಿರ ಅಪ್ಪನ ಅಡಿಕೆ ತೋಟಕ್ಕೆ ವಾಪಸ್ ಬಂದವನು ಎರಡು ಕಾಠಿಯಾವಾಡಿ ಕುದುರೆ ಸಾಕಿದ್ದಾನೆ. ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವ ಹಾಗಿರುತ್ತದೆ, ನೋಡಿದ ಕೂಡಲೇ ಗೊತ್ತಾಗುವ ಜಾತಿ. ಊರವರಿಗೆ ಅವನು ಹುಚ್ಚ. ಒಂದು ಡಿಸೆಂಬರ್ ರಜೆಯಲ್ಲಿ ಬಾ ಅಂದ. ಶಿವಮೊಗ್ಗದಲ್ಲಿ ಮೂರು ವಾರ ಬೆಳಿಗ್ಗೆ ಬೆಳಿಗ್ಗೆ ಸವಾರಿ ಕಲಿತು ಹೋದೆ, ದೊಡ್ಡ ಸವಾರನ ಹಾಗೆ.

ಹೊರಡುವ ಮೊದಲೇ ಪಾಠ ಶುರುವಾಯಿತು. ಜೀನು ಹಾಕಿ ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡು ನಿಂತುಬಿಡುತ್ತದೆ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು. ನಾನು ಬಿಗಿಯದೆ ಹತ್ತಲು ಹೋದೆ, ಜೀನಿನ ಜೊತೆಗೇ ಪಕ್ಕಕ್ಕೆ ತಿರುಗಿ ಅಡಿಕೆ ಒಣಹಾಕಿದ್ದ ಅಂಗಳದಲ್ಲಿ ಬಿದ್ದೆ. ಅಡಿಕೆ ಸುಲಿಯುತ್ತಿದ್ದ ಹೆಂಗಸರು ಕತ್ತಿ ಕೆಳಗಿಟ್ಟು ನಕ್ಕರು.

ದೇವಗಂಗೆ ಕೊಳದ ಕಡೆ ಹೋಗಿ, ಅಲ್ಲಿಂದ ಸಂಪೆಕಟ್ಟೆ ಕಡೆಯ ಒಂದು ಮನೆಯಲ್ಲಿ ರಾತ್ರಿ ಉಳಿದು, ಮಾರನೆ ದಿನ ಬೇರೆ ದಾರಿಯಲ್ಲಿ ವಾಪಸ್. ದಿನಕ್ಕೆ 15 ಕಿ.ಮೀ. ದಾಟಲಿಲ್ಲ. ಬ್ಯಾಣದ, ಅಂದರೆ ಗುಡ್ಡದ ಹುಲ್ಲುಗಾವಲಿನ, ಮೇಲೆ ಬಂದಾಗ ಕೊಡಚಾದ್ರಿ ಎದುರಿಗೇ ನಿಂತಿತ್ತು, 1343 ಮೀಟರ್ ಎತ್ತರದ ಗುಡ್ಡ. ಅಲ್ಲಿಗೆ ಹತ್ತಲಿಲ್ಲ. ಅದೆಲ್ಲ ಕಾಯ್ದ ಕಾಡು, ಅನುಮತಿ ಇಲ್ಲದೆ ಪ್ರಾಣಿ ಹೊಡೆದುಕೊಂಡು ಹೋಗುವ ಹಾಗಿಲ್ಲ.

ಮೊದಲ ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಇತ್ತು. ನನ್ನ ಕುದುರೆ ಅದರ ಮುಂದೆ ಬಂದು ನಿಂತೇಬಿಟ್ಟಿತು. ನಾನು ಹೆದರಿ ಲಗಾಮು ಎಳೆದು ಹಿಡಿದೆ, ಅದು ಇನ್ನೂ ಹಿಂದಕ್ಕೆ ಸರಿಯಿತು. ಸ್ನೇಹಿತ ಬೈದ, "ಲಗಾಮು ಸಡಿಲ ಬಿಡು ಮಾರಾಯ, ಅದಕ್ಕೆ ನೋಡಬೇಕು ಅಂತ ಇದೆ." ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಹಿಂದೆ ಬರುವ ನಾಯಿಯೂ ಹೆಚ್ಚುಕಡಿಮೆ ಕಾಣುತ್ತದೆ, ಆದರೆ ತನ್ನ ಮೂಗಿನ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ತಲೆ ತಗ್ಗಿಸಿದರೇ ನೆಲ ತಿಳಿಯುವುದು, ನಾನು ಅದನ್ನೇ ತಡೆದಿದ್ದೆ. ಬಿಟ್ಟೆ. ಅದು ಸಂಕವನ್ನು ಮೂಸಿತು, ನೀರು ಮೂಸಿತು, ಸಂಕ ಬೇಡ ಅಂತ ತೀರ್ಮಾನ ಮಾಡಿ ಪಕ್ಕದ ಹಳ್ಳಕ್ಕೇ ಇಳಿದು ದಾಟಿತು. ಸರಿಯಾದ ತೀರ್ಮಾನ, ಆ ಮರಕ್ಕೆ ಅಷ್ಟು ಭಾರ ಎಲ್ಲಿ ತಡೆಯುತ್ತಿತ್ತು.

ಇಳಿಜಾರು ಬಂದಾಗೆಲ್ಲ ಇಳಿದು ಲಗಾಮು ಹಿಡಿದು ನಡೆದೆವು. ಜಂಬಿಟ್ಟಿಗೆ ಕಲ್ಲಿನ ದಾರಿಯಲ್ಲಿ ಲಾಳ ಜಾರುತ್ತದೆ. ಕುದುರೆ ಕಂಡರೆ ಕಾಲು ನೋವು ಅನ್ನುತ್ತಾರಲ್ಲ, ನನ್ನ ಪಾಡು ಉಲ್ಟಾ, ಕುದುರೆ ಇಟ್ಟುಕೊಂಡು ಅರ್ಧ ದಾರಿ ನಡೆದೆ. ಮೊದಲು ಬೇಜಾರಾಯಿತು. ಮಧ್ಯಾಹ್ನದ ಹೊತ್ತಿಗೆ ಆ ನಡಿಗೆಯೇ ಜಾಸ್ತಿ ಇಷ್ಟವಾಯಿತು, ಯಾಕೆಂದರೆ ಮೇಲೆ ಕೂತಾಗ ನನ್ನ ಗಮನವೆಲ್ಲ ಬೀಳದೆ ಇರುವುದರ ಮೇಲೆಯೇ, ಪಕ್ಕದಲ್ಲಿ ನಡೆಯುವಾಗ ಅದರ ಬಿಸಿ ಉಸಿರು ಹೆಗಲಿಗೆ ತಾಗುತ್ತದೆ, ಕಾನಿನೊಳಗೆ ನಮಗೆ ಏನೂ ಕೇಳಿಸದೆ ಇದ್ದರೂ ಅದರ ಕಿವಿ ಒಂದು ಕಡೆ ತಿರುಗುತ್ತದೆ, ಆಮೇಲೆ ಅಲ್ಲಿಂದಲೇ ಕಾಡುಕೋಳಿ ಪರ್ರನೆ ಹಾರುತ್ತದೆ.

ಉಳಿದ ಮನೆಯ ಅಜ್ಜಿ ದನಕ್ಕೆ ಕೊಡುವ ಅಕ್ಕಚ್ಚು ಬಕೆಟ್ ತಂದು ಕುದುರೆ ಮುಂದಿಟ್ಟರು. ಅದು ಮೂಸಿ ಬುಸ್ ಅಂದಿತು. "ರಾಜರ ಮನೆದು ಕಣೋ, ನಮ್ಮ ಮನೆ ಅಕ್ಕಚ್ಚು ಹಿಡಿಸ್ತಿಲ್ಲ" ಅಂತ ಅಜ್ಜಿ ಒಂದು ಉಂಡೆ ಬೆಲ್ಲ ತಂದರು. ಅದು ಹಿಡಿಸಿತು. ಬೆಳಿಗ್ಗೆ ನೋಡಿದರೆ ನನ್ನ ತೊಡೆ ಎರಡೂ ಕೊರಡು. ಜಗಲಿಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಬಿಸಿ ಕಡುಬು ತಿಂದರೂ ಅದು ಹೋಗಲಿಲ್ಲ.

ಮಗಳ ವಿಷಯಕ್ಕೆ ಬರುತ್ತೇನೆ. ಮೊದಲು ಬೇಲಿ ಹಾಕಿದ ಅಂಗಳದಲ್ಲಿ ಹತ್ತು ದಿನವಾದರೂ ಕಲಿಯಲಿ. ಹೆಲ್ಮೆಟ್ ಇಲ್ಲದೆ ಹತ್ತಿಸುವ ಕಡೆಗೆ ಹೋಗಲೇಬೇಡಿ. ಸಣ್ಣ ಹಿಮ್ಮಡಿ ಇರುವ ಶೂ ಹಾಕಿಸಿ, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ (ಜೀನಿನಿಂದ ನೇತಾಡುವ, ಕಾಲಿಡುವ ಬಳೆ) ತೂರಿ ಸಿಕ್ಕಿಕೊಳ್ಳುತ್ತದೆ, ಬಿದ್ದಾಗ ಅದೇ ದೊಡ್ಡ ಅಪಾಯ. ಹತ್ತುವ ಮೊದಲು ಜೀನು ತೆಗೆಸಿ ಕುದುರೆಯ ಬೆನ್ನು ನೋಡಿ. ಗಾಯ ಇದ್ದರೆ, ಕುಂಟುತ್ತಿದ್ದರೆ, ದುಡ್ಡು ಕೊಟ್ಟಾಗಿದ್ದರೂ ವಾಪಸ್ ಬನ್ನಿ.

ಪ್ರಶ್ನೆ: ನನ್ನ ತೂಕ 92 ಕಿಲೋ. ನಾನು ಕುದುರೆ ಸವಾರಿ ಮಾಡಬಹುದಾ? ಹೆಂಡತಿ ನಗುತ್ತಾಳೆ.
– ಭದ್ರಾವತಿಯ ಓದುಗ

ಉತ್ತರ: ಕುದುರೆಯ ತೂಕದ ಐದನೇ ಒಂದು ಭಾಗ, ಜೀನು ಸೇರಿ, ಅದು ಸಾಮಾನ್ಯ ಲೆಕ್ಕ. 350 ಕಿಲೋ ಕುದುರೆಗೆ 70. ನಿಮಗೆ 500 ಕಿಲೋ ದಾಟಿದ ಕುದುರೆ ಬೇಕು, ಗುಡ್ಡದ ದಾರಿಗೆ ಅದೂ ಕಷ್ಟ. ನಿಮ್ಮ ಹೆಂಡತಿಯವರ ಜೊತೆ ಸೇರಿ ನಾನು ನಗುತ್ತಿಲ್ಲ, ನನ್ನದು 81.

ಪ್ರಶ್ನೆ: ಈ ಮಳೆ, ಈ ಕಾಡು. ಕೆಳದಿ ಅರಸರು ಇಲ್ಲಿ ಕುದುರೆ ಹೇಗೆ ಓಡಿಸಿದರು?
– ಸಾಗರದ ವಿದ್ಯಾರ್ಥಿ

ಉತ್ತರ: ಒಳ್ಳೆಯ ಕುದುರೆಗಳು ಅರಬ್ ದೇಶಗಳಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿಯುತ್ತಿದ್ದವು, ಭಟ್ಕಳದ ಹೆಸರು ಅದಕ್ಕೇ ದೊಡ್ಡದು. ಆದರೆ ಘಟ್ಟದ ದಿನನಿತ್ಯದ ಸಾಗಾಟ ಕುದುರೆಯದಲ್ಲ, ಹೇರೆತ್ತಿನದು. ಮೆಣಸು, ಅಕ್ಕಿ ಕೆಳಗೆ, ಉಪ್ಪು ಮೇಲಕ್ಕೆ. ಇಟಲಿಯ ಪಿಯೆತ್ರೋ ದೆಲ್ಲಾ ವಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆ ಮೂಲಕ ಘಟ್ಟ ಹತ್ತಿ ಕೆಳದಿ ಅರಸರ ಆಗಿನ ರಾಜಧಾನಿ ಇಕ್ಕೇರಿಗೆ ಬಂದವನು, ಆ ದಾರಿಯ ಕತೆ ಬರೆದಿಟ್ಟಿದ್ದಾನೆ, ಹುಡುಕಿ ಓದಿ. ಆಮೇಲೆ ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ಸುತ್ತಲಿನ ಕಾಡೇ ಅದಕ್ಕೆ ಕಾವಲು. ಹಾಗಿದ್ದೂ 1763ರಲ್ಲಿ ಹೈದರಾಲಿ ಒಳಗೆ ಬಂದೇ ಬಂದ.

ಪ್ರಶ್ನೆ: ಕುದುರೆಗೆ ಉಂಬಳ (ಜಿಗಣೆ) ಹತ್ತುತ್ತದಾ?
– ತೀರ್ಥಹಳ್ಳಿಯಿಂದ ಒಬ್ಬರು

ಉತ್ತರ: ನಮಗೆ ಹತ್ತುವ ಹಾಗೆಯೇ. ಗೊರಸಿನ ಮೇಲಿನ ಕೂದಲಲ್ಲಿ ಅಡಗಿ ಕೂರುತ್ತದೆ, ಅಲ್ಲಿ ಬೆರಳಾಡಿಸಿ ನೋಡಬೇಕು. ಎಳೆದು ಕೀಳಬೇಡಿ, ಉಪ್ಪುನೀರು ಹಾಕಿದರೆ ತಾನೇ ಬಿಡುತ್ತದೆ. ಮಳೆಗಾಲದಲ್ಲಿ ಹೋಗದಿದ್ದರೆ ಈ ಕೆಲಸ ಹೆಚ್ಚಿರುವುದಿಲ್ಲ.