‘ಠಾಣೆ’ ಅಂತ ಓದಿದ ಹುಡುಗಿ

ನಾನು ಆಪ್ತ ಸಲಹೆಗಾರ್ತಿ. ಈ ಪ್ರಕರಣ ಬರೆಯಲು ನನ್ನ ಹತ್ತಿರ ಬಂದಿದ್ದ ಆ ಹುಡುಗಿಯೇ ಒಪ್ಪಿಗೆ ಕೊಟ್ಟಿದ್ದಾಳೆ. ಗುರುತು ಸಿಗಬಾರದು ಅಂತ ಊರು, ಕಾಲೇಜು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬೇಡ. ನಾನು ಅವಳನ್ನು ‘ತಂಗಿ’ ಅಂತ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ.

ಅವಳಾಗಿ ಬಂದವಳಲ್ಲ. ಹಾಸ್ಟೆಲ್ ರೂಮಿನ ಗೆಳತಿ ಕೈಹಿಡಿದು ಕರೆತಂದಳು. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿನ ಕಲಬುರಗಿ ಬಿಸಿಲಲ್ಲಿ ಯಾರೂ ಸುಮ್ನೆ ಹೊರಗೆ ಬರುವುದಿಲ್ಲ. “ಇಕಿ ರಾತ್ರಿ ನಿದ್ದಿನೇ ಮಾಡವಲ್ಲಳು ರೀ ಮೇಡಂ. ಮೊಬೈಲ್ ಲೈಟ್ ಹಚ್ಚಿಕೊಂಡು ಎರಡು ಗಂಟೆ ತನಕ ಬರಕೋತ ಕೂಡ್ತಾಳ” ಅಂದಳು ಗೆಳತಿ. ತಂಗಿ ನೆಲ ನೋಡುತ್ತಿದ್ದಳು. ತೊಡೆ ಮೇಲೆ ದಪ್ಪನೆಯ ಲಾಂಗ್ ನೋಟ್‌ಬುಕ್ ಇತ್ತು.

ಬಿ.ಎ. ಎರಡನೇ ವರ್ಷ. ಸೇಡಂ ಕಡೆಯ ಹಳ್ಳಿ, ತೊಗರಿ ಬೆಳೆಯುವ ಮನೆ. ಪಿಯುಸಿ ತನಕ ಕನ್ನಡ ಮಾಧ್ಯಮ. ಇಂಗ್ಲಿಷ್ ಟೀಚರ್ ಆಗಬೇಕು ಅಂತ ಆಸೆಪಟ್ಟು ಇಂಗ್ಲಿಷ್ ತೆಗೆದುಕೊಂಡಿದ್ದಳು. ಪಠ್ಯದಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಇತ್ತು.

ಮೊದಲು ಊಟ, ನಿದ್ದೆ, ತಲೆನೋವು, ಮುಟ್ಟಿನ ವಿಚಾರ ಕೇಳಿದೆ. ಬದುಕು ಸಾಕು ಅಂತ ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅವಳು ತಲೆಯಾಡಿಸಿ, “ಅಷ್ಟೆಲ್ಲ ಇಲ್ಲ ರೀ. ಕಾಲೇಜು ಬಿಟ್ಟು ಊರಿಗೆ ಹೋಗಬೇಕು ಅನ್ನಸ್ತದ” ಅಂದಳು. ಆಮೇಲೆ ಅಳು ಬಂತು. ಅಳು ಮುಗಿದ ಮೇಲೆ ಕಥೆ ಬಂತು.

ಎರಡು ತಿಂಗಳ ಹಿಂದೆ ಕ್ಲಾಸಿನಲ್ಲಿ ಸರ್ ಅವಳನ್ನು ಎಬ್ಬಿಸಿ ಓದಿಸಿದ್ದರು. ನಾಟಕದಲ್ಲಿ ಮ್ಯಾಕ್‌ಬೆತ್‌ಗೆ ‘ಥೇನ್ ಆಫ್ ಕಾಡರ್’ ಅಂತ ಪದವಿ ಸಿಗುತ್ತದೆ. ಥೇನ್ ಅಂದರೆ ಹಳೆಯ ಸ್ಕಾಟ್ಲೆಂಡಿನಲ್ಲಿ ರಾಜನ ಕೈಕೆಳಗೆ ಸೀಮೆ ಆಳುತ್ತಿದ್ದವನು, ನಮ್ಮ ಕಡೆಯ ದೇಸಾಯಿ ಇದ್ದ ಹಾಗೆ ಅಂದುಕೊಳ್ಳಿ. ಅಕ್ಷರ ನೋಡಿದರೆ ಮುಂಬೈ ಪಕ್ಕದ ಠಾಣೆ ಊರಿನ ಹೆಸರೇ. ಅವಳು ಹಾಗೇ ‘ಠಾಣೆ’ ಅಂತ ಓದಿದಳು. ಹಿಂದಿನ ಬೆಂಚಿನಿಂದ “ಯಾವ ಪೊಲೀಸ್ ಠಾಣಾ?” ಅಂತ ಕೂಗು ಬಂತು. ಇಡೀ ಕ್ಲಾಸು ನಕ್ಕಿತು. ಸರ್ ಕೂಡ ನಕ್ಕರಂತೆ. ಅವತ್ತಿನಿಂದ ಆ ಪಿರಿಯಡ್ಡಿಗೆ ಇವಳಿಲ್ಲ.

ಇನ್ನೊಮ್ಮೆ ಹೀಗಾಗಬಾರದು ಅಂತ ಅವಳು ಒಂದು ದಾರಿ ಹುಡುಕಿಕೊಂಡಿದ್ದಳು. ನಾಟಕದ ಒಂದೊಂದೇ ಗೊತ್ತಿಲ್ಲದ ಪದ ತೆಗೆದು, ಮೊಬೈಲಿನಲ್ಲಿ ಅರ್ಥ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುವುದು. ದಿನಕ್ಕೆ ನಲವತ್ತು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಸಾವಿರ ದಾಟಿತ್ತು. “ಬೆಳಿಗ್ಗೆ ಎದ್ದು ನೋಡಿದ್ರ ಒಂದೂ ತಲ್ಯಾಗ ನಿಂದ್ರವಲ್ದು ರೀ.”

ನಿಲ್ಲುವುದು ಹೇಗೆ? 1885ರಷ್ಟು ಹಿಂದೆಯೇ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರದ ತುಂಡುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಲೆಕ್ಕ ಹಾಕಿದ್ದ. ಮೊದಲ ದಿನವೇ ಬಹಳಷ್ಟು ಜಾರಿಹೋಗುತ್ತದೆ. ಇವಳ ಪದಗಳಿಗೆ ಅರ್ಥ ಇತ್ತು, ಆದರೆ ಯಾರು ಹೇಳಿದರು, ಯಾರಿಗೆ, ಯಾವಾಗ ಅನ್ನುವುದೊಂದೂ ಇರಲಿಲ್ಲ. ಸಾಲಿನಿಂದ ಕಿತ್ತ ಪದ ಅವಳ ತಲೆಗೆ ಆ ಅಕ್ಷರದ ತುಂಡುಗಳ ಹಾಗೇ ಕಂಡಿರಬೇಕು.

ಇನ್ನೊಂದು ತೊಂದರೆ ನನಗೆ ಮೊದಲು ಕಾಣಲಿಲ್ಲ. ನಾನು ಇಂಗ್ಲಿಷ್ ಓದಿದವಳಲ್ಲ. ತಂಗಿಯನ್ನು ಕೇಳಿ, ಎರಡು ಪುಟದ ಫೋಟೋವನ್ನು ಇಂಗ್ಲಿಷ್ ಕಲಿಸುವ ಗೆಳತಿಗೆ ಕಳಿಸಿದೆ. ಅವಳು ಫೋನ್ ಮಾಡಿ ನಕ್ಕಳು, ಆಮೇಲೆ ಪಾಪ ಅಂದಳು. ‘ಅಡಿಷನ್’ ಪದದ ಮುಂದೆ ‘ಕೂಡುವ ಲೆಕ್ಕ’ ಅಂತ ಇತ್ತು. ಆ ಸಾಲಿನಲ್ಲಿ ಅದರ ಅರ್ಥ ಬಿರುದು. ‘ಸೆನ್ಸಿಬಲ್’ ಮುಂದೆ ‘ಬುದ್ಧಿವಂತ’ ಅಂತ ಇತ್ತು. ಗಾಳಿಯಲ್ಲಿ ತೇಲುವ ಕಠಾರಿಯನ್ನು ಮ್ಯಾಕ್‌ಬೆತ್ ನೋಡುವ ಜಾಗ ಅದು. ಕಣ್ಣಿಗೆ ಕಾಣುತ್ತೀಯಲ್ಲ, ಕೈಗೆ ಸಿಗುವುದಿಲ್ಲವೇ ಅಂತ ಅವನು ಕೇಳುತ್ತಾನೆ. ಇವಳ ನೋಟ್‌ಬುಕ್ ಪ್ರಕಾರ ಕಠಾರಿ ಬುದ್ಧಿವಂತ! ಕಷ್ಟದ ಪದವನ್ನು ಇವಳು ಹುಡುಕಿ ಸರಿಯಾಗಿಯೇ ಬರೆದಿದ್ದಳು. ಮೋಸ ಮಾಡಿದ್ದು ಗೊತ್ತಿರುವ ಮುಖದ ಪದಗಳು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ನೋಟ್‌ಬುಕ್ ಇಲ್ಲೇ ಇಟ್ಟು ಹೋಗು, ಒಂದು ವಾರ ಮುಟ್ಟಬೇಡ ಅಂದೆ. ಅವಳ ಮುಖ ಬಿಳಿಚಿತು, ಉಸಿರು ಜೋರಾಯಿತು. ಆ ಪುಸ್ತಕ ಅವಳಿಗೆ ಕೋಟೆ ಇದ್ದ ಹಾಗೆ ಇತ್ತು. ಅದನ್ನು ಕಸಿಯುವ ಮೊದಲು ಬೇರೆ ಗೋಡೆ ಕಟ್ಟಿಕೊಡಬೇಕಿತ್ತು. ತಪ್ಪಾಯಿತು ಅಂತ ಹೇಳಿ ಕೈಗೇ ಕೊಟ್ಟೆ.

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಕಥೆ ಮೊದಲು ಕನ್ನಡದಲ್ಲಿ ಓದು ಅಂದೆ. “ಅದು ಕಳ್ಳತನ ಆಗಂಗಿಲ್ಲೇನ್ರಿ?” ಅಂದಳು. ಡಿ.ವಿ. ಗುಂಡಪ್ಪನವರೇ ಮ್ಯಾಕ್‌ಬೆತ್ ಅನ್ನು ಕನ್ನಡಕ್ಕೆ ತಂದಿದ್ದಾರೆ, ಅವರು ಕಳ್ಳತನಕ್ಕೆ ದಾರಿ ಮಾಡಿಕೊಡುವ ಮನುಷ್ಯರಲ್ಲ ಅಂದೆ. ಲೈಬ್ರರಿಯಲ್ಲಿ ಹುಡುಕಿ ತಂದಳು. ಮುಂದಿನ ವಾರ ಬಂದವಳೇ, “ಮೇಡಂ, ಇದರಾಗೂ ಭಾಳ ಪದ ತಿಳಿವಲ್ದು ರೀ” ಅಂದಳು. ನಗುತ್ತಾ ಅಂದಳು. ಮೊದಲ ಸಲ ಅವಳ ನಗು ನೋಡಿದ್ದು ಆಗ.

“ಹಂಗಾದ್ರ ಏನು ಮಾಡಿದಿ?”

“ಬಿಟ್ಟು ಮುಂದ ಹೋದೆ ರೀ. ಕಥಿ ತಿಳೀತು.”

“ಕನ್ನಡ ಬರಂಗಿಲ್ಲ ನನಗ ಅಂತ ಅತ್ತೇನು?”

ಅವಳು ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕನ್ನಡದಲ್ಲಿ ಗೊತ್ತಿಲ್ಲದ ಪದ ಬಂದರೆ ಆ ಪದ ಕಷ್ಟ. ಇಂಗ್ಲಿಷ್‌ನಲ್ಲಿ ಬಂದರೆ ‘ನಾನು ದಡ್ಡಿ’. ಈ ಎರಡನೇ ಲೆಕ್ಕ ಎಲ್ಲಿಂದ ಬಂತು ಅಂತ ಆ ದಿನ ಪೂರ್ತಿ ಮಾತಾಡಿದೆವು. ಇಂಗ್ಲೆಂಡಿನ ಮಕ್ಕಳಿಗೆ ಇದೆಲ್ಲ ಸಲೀಸಾಗಿ ತಿಳಿಯುತ್ತದೆ ಅಂತ ಅವಳು ನಂಬಿದ್ದಳು. ಈ ನಾಟಕ ಬರೆದದ್ದು ಸುಮಾರು 1606ರಲ್ಲಿ ಅನ್ನುತ್ತಾರೆ. ಅಚ್ಚಾಗಿದ್ದು 1623ರಲ್ಲಿ, ಅಷ್ಟರಲ್ಲಿ ಶೇಕ್ಸ್‌ಪಿಯರ್ ತೀರಿ ಏಳು ವರ್ಷ ಆಗಿತ್ತು. ನಾನೂರು ವರ್ಷದ ಹಿಂದಿನ ಭಾಷೆ. ಅಲ್ಲಿನ ಮಕ್ಕಳೂ ಕೆಳಗೆ ಅರ್ಥ ಕೊಟ್ಟ ಪುಸ್ತಕ ಇಟ್ಟುಕೊಂಡೇ ಓದುತ್ತಾರೆ. ನಾವು ಕುಮಾರವ್ಯಾಸನನ್ನು ಓದುವ ಹಾಗೇ ಅಲ್ವಾ?

ಆಗ ಅವಳಿಗೆ ಮುತ್ಯಾ, ಅಂದರೆ ಅಜ್ಜ, ನೆನಪಾದ. ಮುತ್ಯಾ ದೊಡ್ಡಾಟದಲ್ಲಿ ಭೀಮನ ಪಾರ್ಟು ಮಾಡುತ್ತಿದ್ದನಂತೆ. ಓದು ಬರಹ ಇಲ್ಲ. ಆಟದ ಮಾಸ್ತರ ಹೇಳಿಕೊಟ್ಟದ್ದನ್ನು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕೇಳಿ ಕೇಳಿ ಕಲಿತದ್ದು. ಚಿಕ್ಕವಳಿದ್ದಾಗ ಇವಳು “ಅರಿಭಯಂಕರ ಅಂದ್ರ ಏನು ಮುತ್ಯಾ?” ಅಂತ ಕೇಳಿದ್ದಳು. ಮುತ್ಯಾ ಅರ್ಥ ಹೇಳಲಿಲ್ಲ. ಎದ್ದು ನಿಂತು, ತೊಡೆ ತಟ್ಟಿ, ಕಣ್ಣು ಬಿಟ್ಟು ಆ ಮಾತನ್ನು ಅಂದು ತೋರಿಸಿದ. “ಅವತ್ತ ಹೆದರಿ ಅವ್ವನ ಹಿಂದ ಓಡಿದ್ದೆ ರೀ. ಅದು ಇವತ್ತಿಗೂ ಮರ್ತಿಲ್ಲ.”

ಇದಾದ ಮೇಲೆ ನಾನು ಕೊಟ್ಟ ಸಲಹೆಯಲ್ಲಿ ನನ್ನದು ಅನ್ನುವಂಥದ್ದು ಕಡಿಮೆ. ನಾಟಕವನ್ನು ಆಟದ ಹಾಗೆ ಕಲಿ ಅಂದೆ. ದಿನಕ್ಕೆ ನಲವತ್ತರ ಬದಲು ಎಂಟೇ ಪದ. ಪದದ ಜೊತೆ ಇಡೀ ಸಾಲು, ಹೇಳುವವರು ಯಾರು, ಕೇಳುವವರು ಯಾರು, ಆಗ ಅವರ ಕೈ ಏನು ಮಾಡುತ್ತಿದೆ, ಇಷ್ಟು ಬರೆಯಬೇಕು. ಗೊತ್ತಿದೆ ಅನ್ನಿಸುವ ಪದ ಸಾಲಿನಲ್ಲಿ ವಿಚಿತ್ರವಾಗಿ ಕೂತಿದ್ದರೆ ಅದಕ್ಕೇ ಮೊದಲು ಟಿಪ್ಪಣಿ ನೋಡಬೇಕು. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಅರ್ಥದ ಮೇಲೆ ಕೈ ಮುಚ್ಚಿ ನೆನಪು ಮಾಡಿಕೊಳ್ಳಬೇಕು. ಮರೆತಿದ್ದರೆ ಮರೆತಿದೆ, ಪುನಃ ನೋಡಿದರಾಯಿತು. ರಾತ್ರಿ ಹತ್ತರ ಮೇಲೆ ಪುಸ್ತಕ ಮುಟ್ಟುವಂತಿಲ್ಲ.

ಗೆಳತಿಯ ಇಂಗ್ಲಿಷ್ ಪಾಠವೂ ನಡುವೆ ಸೇರಿತು. ಇದನ್ನು ನಾನೂ ಕೂತು ಕೇಳಿದೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ರಾಜನ ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ರಕ್ತದ ಕೈ ನೋಡಿಕೊಳ್ಳುತ್ತಾನೆ. ಸಮುದ್ರದ ನೀರೆಲ್ಲ ಹಾಕಿದರೂ ಇದು ಹೋಗುವುದಿಲ್ಲ, ಈ ಕೈಯೇ ಸಮುದ್ರವನ್ನು ಬಣ್ಣಗೆಡಿಸುತ್ತದೆ ಅನ್ನುತ್ತಾನೆ. ಅಲ್ಲಿ ‘ಮಲ್ಟಿಟ್ಯೂಡಿನಸ್’, ‘ಇನ್‌ಕಾರ್ನಡೀನ್’ ಅಂತ ಎರಡು ಭಾರೀ ಪದ ಬರುತ್ತವೆ. ತಂಗಿ ಇವನ್ನು ಮೂರು ಸಲ ಬರೆದು ಮೂರು ಸಲ ಮರೆತಿದ್ದಳು. “ಮುಂದಿನ ಸಾಲು ಓದು” ಅಂದಳು ಗೆಳತಿ. ಮುಂದಿನ ಸಾಲಲ್ಲಿ ಹಸಿರು ಇದ್ದದ್ದು ಕೆಂಪಾಗುತ್ತದೆ ಅಂತ ಪುಟ್ಟ ಪುಟ್ಟ ಪದಗಳಲ್ಲಿ ಇದೆ. ದೊಡ್ಡ ಪದ ಎಸೆದು, ಹಿಂದೆಯೇ ಅರ್ಥವನ್ನೂ ನಾಟಕಕಾರನೇ ಕೊಟ್ಟುಬಿಟ್ಟಿದ್ದಾನೆ!

ಇನ್ನೊಂದು ‘ಯೂ’ ಮತ್ತು ‘ದೌ’ ವಿಷಯ. ಈಗಿನ ಇಂಗ್ಲಿಷ್‌ನಲ್ಲಿ ಎಲ್ಲರಿಗೂ ‘ಯೂ’ ಒಂದೇ. ಆಗ ಎರಡಿದ್ದವು, ನಮ್ಮ ನೀವು, ನೀನು ಇದ್ದ ಹಾಗೆ. ಕೊಲೆ ಬೇಡ ಅಂತ ಗಂಡ ಹಿಂದೆ ಸರಿದಾಗ ಹೆಂಡತಿ ‘ಯೂ’ ಅಂತ ಮಾತು ಶುರು ಮಾಡಿ, ನಡುವೆಯೇ ‘ದೌ’ಗೆ ಇಳಿಯುತ್ತಾಳೆ. ನಿನಗೆ ಹೆದರಿಕೆಯಾ ಅಂತ ಕೇಳುವ ಜಾಗ ಅದು. ತಂಗಿ ತಟ್ಟನೆ ಅಂದಳು: “ನಮ್ಮ ಅವ್ವ ಅಪ್ಪಗ ಯಾವಾಗಲೂ ನೀವು ಅಂತಾಳ್ರಿ. ಸಿಟ್ಟು ನೆತ್ತಿಗೇರಿದಾಗ ಮಾತ್ರ ನೀನು ಅಂತಾಳ. ಆಗ ಅಪ್ಪ ಸುಮ್ಮನ ಹೊಲಕ್ಕ ಹೋಗ್ತಾನ.” ಗೆಳತಿ ಪೆನ್ನು ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಈ ಸಾಲನ್ನು ಇಷ್ಟು ಚೆನ್ನಾಗಿ ಯಾರೂ ನನಗೆ ಬಿಡಿಸಿ ಹೇಳಿಲ್ಲ ಅಂದಳು.

ಹೆದರಿಕೆ ಮಾತ್ರ ಇಷ್ಟರಿಂದ ಹೋಗುವುದಿಲ್ಲ. ಗಟ್ಟಿಯಾಗಿ ಓದುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದೆ. ಮೊದಲು ಒಬ್ಬಳೇ, ರೂಮಿನಲ್ಲಿ. ಆಮೇಲೆ ಕಲಬುರಗಿಯ ಅಪ್ಪನ ಕೆರೆ ಹತ್ತಿರ ಸಂಜೆ ನಡೆಯುತ್ತಾ ರೂಮಿನ ಗೆಳತಿಯ ಮುಂದೆ. ಆಮೇಲೆ ಹಾಸ್ಟೆಲ್‌ನ ನಾಲ್ಕು ಹುಡುಗಿಯರ ಮುಂದೆ. ಓದುವ ಮೊದಲು ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ಉದ್ದ ಮಾಡಬೇಕು, ನಾಲ್ಕೈದು ಸಲ. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ನಿಲ್ಲಲಿ ಅಂತ ಕಾಯದೆ ಓದಬೇಕು. ನಾಲ್ಕು ಹುಡುಗಿಯರ ಮೆಟ್ಟಿಲಲ್ಲಿ ಅವಳು ಎರಡು ಸಲ ಹಿಂದೆ ಬಂದಳು. ಅವಸರ ಮಾಡಲಿಲ್ಲ.

ಸರ್ ಜೊತೆ ನಾನು ಮಾತಾಡಲೇ ಅಂತ ಕೇಳಿದ್ದೆ. ಬೇಡ ಅಂದಳು. ಒಂದು ದಿನ ತಾನೇ ಸ್ಟಾಫ್ ರೂಮಿಗೆ ಹೋದಳಂತೆ. ಅವರಿಗೆ ಆ ಘಟನೆ ನೆನಪೇ ಇರಲಿಲ್ಲ. ಅದು ಕೇಳಿ ನನಗೆ ಸಿಟ್ಟು ಬಂತು. ಅವಳಿಗೆ ಹಗುರ ಆಯಿತಂತೆ. ಇಂಥದ್ದರಲ್ಲಿ ಸಲಹೆಗಾರರ ಸಿಟ್ಟು ತಮ್ಮ ಹತ್ತಿರವೇ ಇರುವುದು ಒಳ್ಳೆಯದು.

ಜೂನ್ ಹೊತ್ತಿಗೆ ಕ್ಲಾಸಿನಲ್ಲಿ ಕೂರುತ್ತಿದ್ದಳು. ಒಂದು ಸಲ ಓದಿದಳು ಕೂಡ. ಹಿಂದಿನಿಂದ ಯಾರೋ ಮೆಲ್ಲಗೆ ‘ಠಾಣಾ’ ಅಂದರಂತೆ. ಕಿವಿ ಬಿಸಿಯಾಯಿತು, ಆದರೂ ಸಾಲು ಮುಗಿಸಿ ಕೂತಳು. ಉತ್ತರವನ್ನು ಇಂಗ್ಲಿಷ್‌ನಲ್ಲಿ ಬರೆಯುವುದು ಇನ್ನೂ ಕಷ್ಟವೇ ಇದೆ. ಅದಕ್ಕೆ ಇಂಗ್ಲಿಷ್ ಕಲಿಸುವ ನನ್ನ ಗೆಳತಿಯ ಮನೆಗೆ ಭಾನುವಾರ ಹೋಗುತ್ತಾಳೆ.

ನಿದ್ದೆ ಬರುತ್ತಿದೆಯಾ ಅಂತ ಕೊನೆಯ ಭೇಟಿಯಲ್ಲಿ ಕೇಳಿದೆ. ನಾಟಕದ ಕೊನೆಯ ಅಂಕದಲ್ಲಿ ಲೇಡಿ ಮ್ಯಾಕ್‌ಬೆತ್ ನಿದ್ದೆಗಣ್ಣಲ್ಲಿ ಎದ್ದು, ಕಾಗದ ತೆಗೆದು, ಏನೋ ಬರೆದು, ಮತ್ತೆ ಹೋಗಿ ಮಲಗುತ್ತಾಳೆ. ರೂಮಿನ ಗೆಳತಿ ಆ ಜಾಗ ಓದಿ, “ಏಪ್ರಿಲ್‌ನಾಗ ನೀನೂ ಹಂಗೇ ಇದ್ದಿ ನೋಡು” ಅಂತ ಕಾಡಿಸುತ್ತಾಳಂತೆ. ಈಗ ತಂಗಿ ಹನ್ನೊಂದಕ್ಕೆ ಮಲಗುತ್ತಾಳೆ.

ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ಮುತ್ಯಾಗೆ ಕಥೆ ಹೇಳಿದಳಂತೆ. ಮನೆಗೆ ಬಂದ ರಾಜನನ್ನು, ಮಲಗಿದ್ದಾಗ, ನಂಬಿದವನೇ ಕೊಂದ ಅನ್ನುವ ತನಕ ಮುತ್ಯಾ ಹೂಂ ಹೂಂ ಅಂತಿದ್ದ. ಆಮೇಲೆ ಎಲೆಯಡಿಕೆ ಉಗುಳಿ ಬಂದು ಕೇಳಿದ: “ಕೊಂದ ಮ್ಯಾಲ ಅವಗ ನಿದ್ದಿ ಹತ್ತಿತೇನವಾ?”

“ಇಲ್ಲ ಮುತ್ಯಾ ಅಂದೆ ರೀ. ಹತ್ತಂಗಿಲ್ಲ ಬಿಡು ಅಂದ. ಮುಂದಿಂದು ಹೇಳು ಅಂದ.”