ಮಿಜೆಟ್‌ನಿಂದ ಫಾರ್ಮುಲಾ ಕಾರಿಗೆ: ದುಡ್ಡು ಮೊದಲು ಬ್ರೇಕಿಗೆ ಹಾಕಿ

ಇಂಡಿಯಾನಾಪೊಲಿಸ್‌ನಿಂದ ಕೇಳಿದವರಿಗೆ. ಮಗನಿಗೆ ಹದಿನೈದು, ಡಾಂಬರು ಓವಲ್‌ಗಳಲ್ಲಿ (ಎಡಕ್ಕೆ ಮಾತ್ರ ತಿರುಗುವ ಅಂಡಾಕಾರದ ಟ್ರ್ಯಾಕ್) ಮಿಜೆಟ್ ಎಂಬ ಪುಟ್ಟ ರೇಸ್ ಕಾರು ಓಡಿಸಿ ಗೆಲ್ಲುತ್ತಿದ್ದಾನೆ, ಈಗಲೇ ಯುಎಸ್‌ಎಫ್2000 (ಒಂದೇ ಸೀಟಿನ, ತೆರೆದ ಚಕ್ರಗಳ ಫಾರ್ಮುಲಾ ಕಾರುಗಳ ಆರಂಭಿಕ ಸರಣಿ) ತಂಡದ ಟೆಸ್ಟ್‌ಗೆ ದುಡ್ಡು ಕಟ್ಟಲೇ ಎಂದು ಕೇಳಿದ್ದೀರಿ. ಈ ವರ್ಷ ಬೇಡ. ಹುಡುಗನ ವೇಗದ ಬಗ್ಗೆ ಅನುಮಾನವಿಲ್ಲ, ಅನುಮಾನ ಇರುವುದು ಬ್ರೇಕಿನ ಬಗ್ಗೆ.

ಹಿಂದಿನ ಕಾಲದ ದೊಡ್ಡ ರೇಸರ್‌ಗಳಾದ ಎ.ಜೆ. ಫಾಯ್ಟ್, ಮಾರಿಯೋ ಆಂಡ್ರೆಟ್ಟಿ ಮಿಜೆಟ್ ಓಡಿಸಿಯೇ ಮೇಲೆ ಬಂದವರಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು, ಆದರೆ ಫಾಯ್ಟ್ 1961ರಲ್ಲಿ ಇಂಡಿ 500 (ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸ್) ಗೆದ್ದಿದ್ದು ಎಂಜಿನ್ ಮುಂದಿದ್ದ ರೋಡ್‌ಸ್ಟರ್ ಎಂಬ ಕಾರಿನಲ್ಲಿ. ಮಿಜೆಟ್‌ನಿಂದ ಅದಕ್ಕೆ ಹೋಗುವುದು ದೊಡ್ಡ ಜಿಗಿತವೇನಲ್ಲ. 1964ರ ಅವರ ಗೆಲುವೇ ಅಂಥ ಕಾರಿನ ಕೊನೆಯ ಗೆಲುವು. ಮರುವರ್ಷ ಜಿಮ್ ಕ್ಲಾರ್ಕ್ ಹಿಂದೆ ಎಂಜಿನ್ ಇದ್ದ ಲೋಟಸ್‌ನಲ್ಲಿ ಗೆದ್ದರು, ಅಲ್ಲಿಂದಾಚೆ ಆ ನೇರ ಹಾದಿ ಕಿರಿದಾಗುತ್ತಲೇ ಬಂತು. ಮಿಜೆಟ್‌ನಿಂದಲೇ ಬಂದ ಟೋನಿ ಸ್ಟೀವರ್ಟ್ 1996–97ರ ಐಆರ್‌ಎಲ್ (ಇಂಡಿ ರೇಸಿಂಗ್ ಲೀಗ್) ಚಾಂಪಿಯನ್ ಆದಾಗ ಆ ಸರಣಿಯಲ್ಲಿ ಬರೀ ಓವಲ್‌ಗಳಿದ್ದವು. ಈಗ ಯುಎಸ್‌ಎಫ್2000 ಕ್ಯಾಲೆಂಡರ್ ನೋಡಿ, ಬಹುಪಾಲು ರೋಡ್ ಕೋರ್ಸ್ (ಎಡ, ಬಲ ಎರಡೂ ತಿರುವುಗಳಿರುವ ಟ್ರ್ಯಾಕ್) ಮತ್ತು ಬೀದಿ ಟ್ರ್ಯಾಕ್.

ಮಿಜೆಟ್ ಹುಡುಗರಿಗೆ ಥ್ರಾಟಲ್ ಮೇಲೆ ಹಿಡಿತ, ಜಾರಿದ ಕಾರನ್ನು ಸಂಭಾಳಿಸುವ ಕೈಚಳಕ ಎರಡೂ ಕಾರ್ಟಿಂಗ್‌ನಿಂದ ಬಂದವರಿಗಿಂತ ಒಂದು ಕೈ ಮೇಲೆ. ಆದರೆ ಅವರಿಗೆ ಬ್ರೇಕ್ ಎಂದರೆ ಕಾರಿನ ಮೂತಿ ತಿರುಗಿಸುವ ಸಾಧನ. ಮಣ್ಣಿನ ಸ್ಪ್ರಿಂಟ್ ಕಾರುಗಳಲ್ಲಂತೂ ಎಷ್ಟೋ ಸಲ ಬಲ ಮುಂಚಕ್ರಕ್ಕೆ ಬ್ರೇಕೇ ಇರುವುದಿಲ್ಲ. ರೆಕ್ಕೆ ಇರುವ ಫಾರ್ಮುಲಾ ಕಾರಿನಲ್ಲಿ ಲೆಕ್ಕ ಬೇರೆ. ವೇಗ ಅರ್ಧಕ್ಕಿಳಿದರೆ ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿತ ಕೊಡುವ ಬಲ) ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ಏಟೇ ಅತಿ ಜೋರಾಗಿರಬೇಕು, ಆಮೇಲೆ ವೇಗ ಇಳಿದಂತೆ ಕಾಲು ಸಡಿಲಿಸುತ್ತಾ ತಿರುವಿನೊಳಕ್ಕೆ ಹೋಗಬೇಕು. ಹೊಸಬರು ಮಾಡುವುದು ಇದರ ಉಲ್ಟಾ: ಮೊದಲು ಮೆತ್ತಗೆ ಒತ್ತಿ, ತಿರುವು ಹತ್ತಿರ ಬಂದಾಗ ಗಾಬರಿಯಿಂದ ಇನ್ನೂ ಒತ್ತುತ್ತಾರೆ. ಹಿಡಿತ ಕಡಿಮೆಯಾದ ಹೊತ್ತಿಗೆ ಒತ್ತಡ ಏರಿ ಮುಂಚಕ್ರ ಲಾಕ್ ಆಗುತ್ತದೆ, ಗೆರೆಗಳಿಲ್ಲದ ಸ್ಲಿಕ್ ಟೈರು ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ, ಉಳಿದ ಸೆಷನ್ ನಡುಕದಲ್ಲೇ ಕಳೆಯುತ್ತದೆ. ಬ್ರೇಕಿಗೆ ಸರ್ವೋ ಸಹಾಯ ಇಲ್ಲ, ಎಲ್ಲ ಕಾಲಿನ ಬಲವೇ.

ಹಾಗಾಗಿ ಮನೆಯಲ್ಲಿ ಸಿಮ್ಯುಲೇಟರ್ ಇದ್ದರೆ ಸ್ಟಿಯರಿಂಗ್‌ಗಿಂತ ಮೊದಲು ಲೋಡ್‌ಸೆಲ್ ಪೆಡಲ್‌ಗೆ (ಕಾಲಿನ ಒತ್ತಡವನ್ನೇ ಅಳೆಯುವ ಬ್ರೇಕ್ ಪೆಡಲ್) ಖರ್ಚು ಮಾಡಿ, ಪೂರ್ತಿ ಬ್ರೇಕಿಗೆ 50–60 ಕೆಜಿ ಬೇಕಾಗುವಂತೆ ಹೊಂದಿಸಿ. ಐರೇಸಿಂಗ್ ಎಂಬ ಸಿಮ್ಯುಲೇಟರ್ ಆಟದಲ್ಲಿ ರೇ ಎಫ್‌ಎಫ್1600 ಎಂಬ ಫಾರ್ಮುಲಾ ಫೋರ್ಡ್ ಕಾರು ಸಿಗುತ್ತದೆ, ಅದರಿಂದ ಶುರು ಮಾಡಲಿ.

ನಂತರ ಬಾಡಿಗೆಗೆ ನಿಜವಾದ ಫಾರ್ಮುಲಾ ಫೋರ್ಡ್ ಹಿಡಿದು ಪಟ್ನಮ್ ಪಾರ್ಕ್ ರೋಡ್ ಕೋರ್ಸ್‌ನಲ್ಲಿ ಮೂರ್ನಾಲ್ಕು ದಿನ ಓಡಿಸಲಿ. ನಿಮಗೆ ಅದೇ ಹತ್ತಿರ. ರೆಕ್ಕೆ ಇಲ್ಲ, ಸುಮಾರು 500 ಕೆಜಿ ತೂಕ, ಎಚ್ ಮಾದರಿ ಗೇರು. ಮಿಜೆಟ್‌ಗೆ ಕ್ಲಚ್ಚೇ ಇಲ್ಲ, ತಳ್ಳಿ ಶುರು ಮಾಡುವ ಗಾಡಿ. ಹಾಗಾಗಿ ಹುಡುಗ ಪಿಟ್‌ನಲ್ಲಿ ಎಂಜಿನ್ ನಿಲ್ಲಿಸಿಕೊಳ್ಳುವುದು ಖಂಡಿತ. ಅದು ದುಬಾರಿ ಟೆಸ್ಟ್‌ನಲ್ಲಿ ಆಗುವುದಕ್ಕಿಂತ ಇಲ್ಲೇ ಆಗಲಿ. ಉದ್ದನೆಯ ನೇರ ದಾರಿಯ ಕೊನೆಯ ತಿರುವು ಆರಿಸಿ, ಬೇಕೆಂದೇ ಬೇಗ ಬ್ರೇಕ್ ಹಾಕುವ ಗುರುತು ಇಟ್ಟುಕೊಳ್ಳಿ. ಕಾರಿನ ಡೇಟಾದಲ್ಲಿ ಬ್ರೇಕ್ ಒತ್ತಡದ ಗ್ರಾಫ್ ಐದು ಸುತ್ತು ಒಂದೇ ಆಕಾರದಲ್ಲಿ ಬಂದ ಮೇಲೆ ಮಾತ್ರ ಗುರುತನ್ನು ತಿರುವಿನತ್ತ 3 ಮೀಟರ್ ಸರಿಸಿ. ಸುತ್ತಿನ ಸಮಯವನ್ನು ಹುಡುಗನಿಗೆ ತೋರಿಸಲೇಬೇಡಿ.

ಎರಡನೆಯ ತೊಂದರೆ ಜಾರಿಸುವ ಚಟ. ಮಿಜೆಟ್‌ನ ಹಿಂದಿನ ಆಕ್ಸಲ್ ಗಟ್ಟಿ, ಬಲ ಹಿಂಚಕ್ರ ದೊಡ್ಡದು. ಸ್ಟ್ಯಾಗರ್ ಎನ್ನುವ ಆ ಗಾತ್ರ ವ್ಯತ್ಯಾಸದಿಂದ ಕಾರು ತಾನೇ ಎಡಕ್ಕೆ ಎಳೆಯುತ್ತದೆ, ಉಳಿದದ್ದನ್ನು ಥ್ರಾಟಲ್ ಮಾಡುತ್ತದೆ. ಫಾರ್ಮುಲಾ ಕಾರನ್ನು ಹಾಗೆ ಓಡಿಸಿದರೆ ಮೂರನೇ ಸುತ್ತಿಗೇ ಹಿಂದಿನ ಟೈರ್ ಕಾದು ಹಿಡಿತ ಹೋಗುತ್ತದೆ, ನೋಡುವವರಿಗೆ ಮಾತ್ರ ಬಲು ಚಂದ! ಬಲ ತಿರುವುಗಳಲ್ಲಿ ಕುತ್ತಿಗೆ ಬೇಗ ಸೋಲುತ್ತದೆ, ಏಕೆಂದರೆ ಒಂದೇ ಕಡೆಯ ಸ್ನಾಯು ಪಳಗಿರುತ್ತದೆ. ಈಗಿನಿಂದಲೇ ಎರಡೂ ಕಡೆ ವ್ಯಾಯಾಮ ಮಾಡಿಸಿ.

ಮಳೆಯನ್ನು ಎಲ್ಲರೂ ಮರೆಯುತ್ತಾರೆ. ಓವಲ್‌ನಲ್ಲಿ ಹನಿ ಬಿದ್ದರೆ ರೇಸ್ ನಿಲ್ಲುತ್ತದೆ, ರೋಡ್ ಕೋರ್ಸ್‌ನಲ್ಲಿ ಮಳೆ ಟೈರ್ ಹಾಕಿಕೊಂಡು ಮುಂದುವರಿಯುತ್ತದೆ. ಬಾಡಿಗೆ ದಿನ ಮಳೆ ಬಂದರೆ ವಾಪಸ್ ಬರಬೇಡಿ. ಬೇಸಿಗೆಗೆ ಊರಿಗೆ ಬರುವುದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಎಲ್‌ಜಿಬಿ 4 ಎಂಬ ಭಾರತದ ಆರಂಭಿಕ ಫಾರ್ಮುಲಾ ಕಾರು ಓಡಿಸುವುದೂ ಒಳ್ಳೆಯ ಅಭ್ಯಾಸವೇ.

ಮುಂದಿನ ವರ್ಷ ತಂಡದ ಟೆಸ್ಟ್‌ಗೆ ಹೋದಾಗ ಬರವಣಿಗೆಯಲ್ಲಿ ಕೇಳಬೇಕಾದವು: ಎಷ್ಟು ಸೆಟ್ ಹೊಸ ಟೈರ್, ಎಂಜಿನ್ ಬಾಡಿಗೆ ಸೇರಿದೆಯೇ, ಡಿಕ್ಕಿಯಾದರೆ ನಿಮ್ಮ ಪಾಲಿನ ಗರಿಷ್ಠ ಮೊತ್ತ ಎಷ್ಟು, ಅದೇ ದಿನ ಓಡಿಸಿದ ಅನುಭವಿಯ ಡೇಟಾ ಸಿಗುತ್ತದೆಯೇ. ಮಿಜೆಟ್‌ಗೆ ಸುತ್ತ ನರ್ಫ್ ಬಾರ್ ಎಂಬ ರಕ್ಷಣಾ ಕೊಳವೆ ಇರುತ್ತದೆ, ಫಾರ್ಮುಲಾ ಕಾರಿನಲ್ಲಿ ಚಿಕ್ಕ ತಾಗಾಟಕ್ಕೂ ಮುಂದಿನ ರೆಕ್ಕೆ, ಸಸ್ಪೆನ್ಷನ್ನಿನ ಪುಶ್‌ರಾಡ್, ವಿಶ್‌ಬೋನ್ ಹೋಗುತ್ತವೆ. ಗರಿಷ್ಠ ಮೊತ್ತ ಬರೆಯದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಪೂರ್ತಿ ಸೀಸನ್ ಎಂದರೆ ಹಲವು ಲಕ್ಷ ಡಾಲರ್, ಅಷ್ಟಕ್ಕೆ ಸ್ಪಾನ್ಸರ್ ಇಲ್ಲದಿದ್ದರೆ ಒಂದೇ ರೇಸ್‌ಗೆ ಹಣ ಕೂಡಿಸಿ: ಇಂಡಿ 500ರ ಹಿಂದಿನ ಶುಕ್ರವಾರ ಇಂಡಿಯಾನಾಪೊಲಿಸ್ ರೇಸ್‌ವೇ ಪಾರ್ಕ್‌ನ 0.686 ಮೈಲಿ ಓವಲ್. ಕ್ರಾಸ್ ವೇಟ್ (ಮೂಲೆಯಿಂದ ಮೂಲೆಗೆ ತೂಕದ ಹಂಚಿಕೆ), ಎಡ ಬಲಕ್ಕೆ ಬೇರೆ ಬೇರೆ ಕ್ಯಾಂಬರ್ (ಚಕ್ರದ ವಾಲು) ಎಂಬ ಓವಲ್ ಭಾಷೆ ಅಲ್ಲಿ ನಿಮ್ಮ ಹುಡುಗನಿಗೆ ಮೊದಲೇ ಗೊತ್ತಿರುತ್ತದೆ, ಕಾರ್ಟಿಂಗ್ ಹುಡುಗರಿಗೆ ಗೊತ್ತಿರುವುದಿಲ್ಲ.