ಬರೆ ಜರಿದರೆ ಹೊಣೆ ಯಾರದ್ದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಮೆಯ ಬಗ್ಗೆ ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದದ್ದು ಕಾಂಟ್ರಾಕ್ಟರುಗಳದ್ದು, ಅಂಗಡಿಯವರದ್ದು. ಹೆಸರು ಹಾಕಬೇಡಿ ಎಂದು ಎಲ್ಲರೂ ಬರೆದಿದ್ದಾರೆ, ಹಾಗಾಗಿ ಊರು ಮತ್ತು ಕಸುಬು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ನಾನು ಬದಿಯಡ್ಕದ ಕಡೆ ಮನೆ ಕಟ್ಟಿಸುವ ಸಣ್ಣ ಕಾಂಟ್ರಾಕ್ಟರ್. ಒಂದು ಮನೆಗೆ ಜಾಗ ಸಮ ಮಾಡಲು ಜೆಸಿಬಿ ತಂದು ಗುಡ್ಡ ಕಡಿಸಿದೆವು. ಎರಡು ದಿನ ಬಿಟ್ಟು ಮಳೆ ಬಂತು. ಬರೆ (ಗುಡ್ಡ ಕಡಿದ ಅಂಚು) ಜರಿದು ಮೇಲಿನ ಮನೆಯ ಅಡುಗೆಕೋಣೆಯ ಮುರಕಲ್ಲಿನ ಗೋಡೆ ಕೆಳಗೆ ಬಂತು, ಹಂಚೆಲ್ಲ ಹೋಯಿತು. ಪುಣ್ಯಕ್ಕೆ ಯಾರೂ ಒಳಗಿರಲಿಲ್ಲ. ಅವರು ಗುರ್ತದವರೇ. ಊರಿನ ನಾಲ್ಕು ಜನ ಸೇರಿ ಮಾತಾಡಿದರು, ಎಲ್ಲ ನಾನೇ ಕಟ್ಟಿ ಕೊಡುತ್ತೇನೆ ಎಂದು ಕಾಗದಕ್ಕೆ ಸಹಿ ಹಾಕಿದೆ. ನನ್ನ ಹತ್ತಿರ ಕಾಂಟ್ರಾಕ್ಟರ್ ಪಾಲಿಸಿ ಇದೆಯಲ್ಲ ಎಂಬ ಧೈರ್ಯ. ಈಗ ಕಂಪನಿಯವರು ಆಗುವುದಿಲ್ಲ ಎನ್ನುತ್ತಾರೆ. ಪ್ರೀಮಿಯಂ ತೆಗೆದುಕೊಳ್ಳುವಾಗ ಹೀಗೆ ಹೇಳಿರಲಿಲ್ಲ.

ಉತ್ತರ: ನಿಮಗೆ ಬೇಸರವಾಗಬಹುದು, ಆದರೂ ನೇರ ಹೇಳುತ್ತೇನೆ. ನೀವು ಸಿಕ್ಕಿಬಿದ್ದದ್ದು ಬರೆ ಜರಿದಾಗ ಅಲ್ಲ, ಸಹಿ ಹಾಕಿದಾಗ.

ನಮ್ಮ ಊರಿನ ಕ್ರಮ ಹಾಗೆಯೇ ಇದೆ. ತಪ್ಪಾಯಿತು ಎಂದರೆ ನಾಲ್ಕು ಜನರ ಎದುರು ಒಪ್ಪಿಕೊಂಡು, ಕೊಡುವುದು ಕೊಟ್ಟು ಮುಗಿಸುವುದು. ಮರ್ಯಾದೆಯ ದಾರಿಯೂ ಅದೇ. ಆದರೆ ಹೊಣೆಗಾರಿಕೆ ವಿಮೆ ನಡೆಯುವುದು ಬೇರೆ ಲೆಕ್ಕದಲ್ಲಿ. ಕಾನೂನಿನ ಪ್ರಕಾರ ನೀವು ಹೊರಗಿನವರಿಗೆ ಎಷ್ಟು ಕೊಡಬೇಕಾಗುತ್ತದೋ ಅಷ್ಟನ್ನು ಪಾಲಿಸಿಯ ಮಿತಿಯೊಳಗೆ ಕಂಪನಿ ಕೊಡುತ್ತದೆ, ನೀವು ಮಾತಿನಲ್ಲಿ ಒಪ್ಪಿದ್ದನ್ನು ಅಲ್ಲ. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆ ಎನ್ನಬಾರದು, ರಾಜಿ ಮಾಡಿಕೊಳ್ಳಬಾರದು. ನಿಮ್ಮ ಪರವಾಗಿ ಮಾತಾಡುವ, ಕೋರ್ಟಿಗೆ ಹೋದರೆ ವಾದಿಸುವ ಹಕ್ಕು ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿರುತ್ತದೆ. ನೀವು ಮೊದಲೇ ಎಲ್ಲ ನನ್ನದೇ ಎಂದು ಬರೆದುಕೊಟ್ಟ ಮೇಲೆ ಅವರಿಗೆ ವಾದಿಸಲು ಏನು ಉಳಿಯಿತು?

ಹಾಗಾದರೆ ಗೋಡೆ ಬಿದ್ದವರ ಮುಖ ನೋಡದೆ ಕೂರಬೇಕಾ? ಬೇಡ. ಟಾರ್ಪಾಲು ಕಟ್ಟಿಸಿ. ಪೆಟ್ಟಾದವರಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದೆಲ್ಲ ತಪ್ಪೊಪ್ಪಿಗೆ ಆಗುವುದಿಲ್ಲ. ನಾಲ್ಕು ಜನ ಸೇರಿದಾಗ, ಇನ್ಶೂರೆನ್ಸಿನವರಿಗೆ ತಿಳಿಸಿದ್ದೇನೆ, ನಷ್ಟ ಅಂದಾಜು ಮಾಡುವ ಅವರ ಸರ್ವೆಯರ್ ಬಂದು ನೋಡಿದ ಮೇಲೆ ಕೂತು ಮಾತಾಡುವ ಎನ್ನಿ. ಅಷ್ಟಕ್ಕೇ ನಿಲ್ಲಿಸಿ. ಅದೇ ದಿನ ಕಂಪನಿಗೆ ಇಮೇಲ್ ಹಾಕಿ, ಮಣ್ಣು ತೆಗೆಯುವ ಮೊದಲು ಎಲ್ಲ ದಿಕ್ಕಿನಿಂದ ಫೋಟೋ ತೆಗೆಯಿರಿ. ಏಜೆಂಟಿಗೆ ಫೋನಿನಲ್ಲಿ ಹೇಳಿದ್ದು ಸಾಕಾಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ನಿಮ್ಮದು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಇರಬೇಕು, ಚಿಕ್ಕದಾಗಿ ಸಿ.ಎ.ಆರ್. (ಇದನ್ನು ಕಾರ್ ಪಾಲಿಸಿ ಎಂದು ಕೇಳಿಸಿಕೊಂಡು ಮಾರುತಿ ಕಾರಿನ ಕಾಗದ ತಂದು ತೋರಿಸಿದವರನ್ನೂ ನಾನು ನೋಡಿದ್ದೇನೆ.) ಇದರಲ್ಲಿ ಎರಡು ಭಾಗ. ಮೊದಲನೆಯದು ನೀವು ಕಟ್ಟುತ್ತಿರುವ ಮನೆಗೇ ಆಗುವ ನಷ್ಟಕ್ಕೆ. ಎರಡನೆಯದು ಹೊರಗಿನವರಿಗೆ ಆಗುವ ಪೆಟ್ಟು, ನಷ್ಟಕ್ಕೆ. ಎರಡನೆಯ ಭಾಗಕ್ಕೆ ಮಿತಿ ಎಷ್ಟು ಎಂದು ಬರೆಸದೆ ಇದ್ದರೆ ಅದು ಇದ್ದೂ ಇಲ್ಲದ ಹಾಗೆ. ಬರೆಸಿದ್ದರೂ, ಅದುರುವಿಕೆಯಿಂದ ಅಥವಾ ನೆಲದ ಆಧಾರ ತೆಗೆದದ್ದರಿಂದ ಪಕ್ಕದ ಜಾಗಕ್ಕೆ, ಕಟ್ಟಡಕ್ಕೆ ಆಗುವ ನಷ್ಟವನ್ನು ಮಾಮೂಲಿ ಪಾಲಿಸಿ ಹೊರಗಿಡುತ್ತದೆ. ಬೇಕಿದ್ದರೆ ಜಾಸ್ತಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬೇಕು. ಬಯಲು ಸೀಮೆಯಲ್ಲಿ ಇದು ಬೇಕಾಗದೆ ಇರಬಹುದು. ಗುಡ್ಡ ಕಡಿಯದೆ ಮನೆಗೆ ಜಾಗವೇ ಸಿಗದ ನಮ್ಮ ಕಾಸರಗೋಡಿನಲ್ಲಿ ಇದಿಲ್ಲದ ಪಾಲಿಸಿ ಅರ್ಧ ಪಾಲಿಸಿ. ಮುಂದಿನ ಕೆಲಸಕ್ಕೆ ಇದನ್ನು ಹೆಸರಿಟ್ಟು ಕೇಳಿ: ಅದುರುವಿಕೆ, ಆಧಾರ ತೆಗೆಯುವಿಕೆ.

ಜೆಸಿಬಿಯ ಇನ್ಶೂರೆನ್ಸಿನಿಂದ ಸಿಗಬಹುದಾ ಎಂದು ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಅದು ರಸ್ತೆಯಲ್ಲಿ ಓಡುವಾಗ ಯಾರಿಗಾದರೂ ತಾಗಿದರೆ ಮೋಟಾರು ಪಾಲಿಸಿ ಇದೆ. ಜಾಗದೊಳಗೆ ನಿಂತು ಅಗೆಯುವಾಗ ಅದು ವಾಹನ ಅಲ್ಲ, ಹತ್ಯಾರು. ಹಾಗೆ ಕೆಲಸ ಮಾಡುವಾಗಿನ ನಷ್ಟವನ್ನು ಮೋಟಾರು ಪಾಲಿಸಿಗಳು ಸಾಮಾನ್ಯವಾಗಿ ಬಿಟ್ಟಿರುತ್ತವೆ.

ಈಗ ಮಾಡಬೇಕಾದ್ದು: ನಿರಾಕರಣೆಯನ್ನು ಬರಹದಲ್ಲಿ ಕೇಳಿ, ಯಾವ ಷರತ್ತಿನ ಪ್ರಕಾರ ಎಂದು ಅದರಲ್ಲಿ ಇರಲಿ. ಆಧಾರ ತೆಗೆದ ಕಾರಣಕ್ಕೆ ಎಂದಿದ್ದರೆ ನಿಮ್ಮ ಪಾಲಿಸಿಯ ಜೊತೆ ಬಂದ ಸೇರ್ಪಡೆ ಹಾಳೆಗಳನ್ನು ಒಂದೊಂದಾಗಿ ನೋಡಿ. ಕೆಲವೊಮ್ಮೆ ಅದನ್ನು ಸೇರಿಸಿರುತ್ತಾರೆ, ತೆಗೆದುಕೊಂಡವರಿಗೇ ಗೊತ್ತಿರುವುದಿಲ್ಲ.

ಪ್ರಶ್ನೆ: ಉಪ್ಪಳದಲ್ಲಿ ವಯರಿಂಗ್, ಪ್ಲಂಬಿಂಗ್ ಕಾಂಟ್ರಾಕ್ಟು ಮಾಡುತ್ತೇನೆ. ಆರು ಜನ ಹುಡುಗರು ಇದ್ದಾರೆ, ಇಬ್ಬರು ಬಂಗಾಳದವರು. ಪಬ್ಲಿಕ್ ಲಯಬಿಲಿಟಿ ಮಾಡಿಸಿದ್ದೇನೆ. ಯಾರಾದರೂ ಏಣಿಯಿಂದ ಬಿದ್ದರೆ ಅದರಲ್ಲಿ ಬರುತ್ತದಾ?

ಉತ್ತರ: ಬರುವುದಿಲ್ಲ. ಪಬ್ಲಿಕ್ ಎಂದರೆ ಹೊರಗಿನವರು. ನಿಮ್ಮ ಹುಡುಗ ಬಿದ್ದದ್ದು ಮನೆ ಯಜಮಾನನ ಮೈಮೇಲೆ ಎಂದಾದರೆ, ಯಜಮಾನನ ಪೆಟ್ಟಿಗೆ ಆ ಪಾಲಿಸಿ, ಹುಡುಗನ ಪೆಟ್ಟಿಗೆ ಇನ್ನೊಂದು ಪಾಲಿಸಿ. ಆ ಇನ್ನೊಂದನ್ನು ಈಗಲೂ ಎಲ್ಲರೂ ಡಬ್ಲ್ಯು.ಸಿ. ಪಾಲಿಸಿ ಎಂದೇ ಕರೆಯುವುದು, ಅಂದರೆ ಕಾರ್ಮಿಕರ ಪರಿಹಾರದ ವಿಮೆ. ಮೂಲ ಕಾಯ್ದೆ 1923ರದ್ದು, ಅದರ ವಿಷಯವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ತಂದಿದ್ದಾರೆ. ಕೆಲಸದಿಂದ ಅಪಘಾತವಾದರೆ ನಿಮ್ಮ ತಪ್ಪು ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ, ಪರಿಹಾರ ಕೊಡಬೇಕು. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಜೀವನಪೂರ್ತಿ ಏನೂ ಕೆಲಸ ಮಾಡಲಾಗದ ಸ್ಥಿತಿಯಾದರೆ ಸಂಬಳದ ಶೇಕಡಾ 60ನ್ನು. ಎಳೆಯ ವಯಸ್ಸಿನವನಾದರೆ ಆ ಸಂಖ್ಯೆ 200ರ ಮೇಲೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ, ಸಣ್ಣ ಕಾಂಟ್ರಾಕ್ಟರ್ ತಡೆದುಕೊಳ್ಳುವ ಮೊತ್ತ ಅಲ್ಲ.

ಇಲ್ಲೂ ಅದೇ ಊರಿನ ಮಾತುಕತೆ ಅಡ್ಡ ಬರುತ್ತದೆ. ಕೆಲಸದವ ತೀರಿಹೋದರೆ ಅವನ ಮನೆಯವರ ಕೈಗೆ ಒಂದು ಮೊತ್ತ ಕೊಟ್ಟು, ವಿಮಾನಕ್ಕೆ ಟಿಕೆಟ್ ಮಾಡಿ, ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಸಾವಿನ ಪರಿಹಾರವನ್ನು ಇದಕ್ಕೆಂದು ಸರ್ಕಾರ ನೇಮಿಸಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು, ನೇರ ಕೈಗೆ ಕೊಟ್ಟದ್ದು ಪರಿಹಾರ ಎಂದು ಲೆಕ್ಕಕ್ಕೇ ಬರುವುದಿಲ್ಲ. ಮೂರು ತಿಂಗಳ ಸಂಬಳದವರೆಗಿನ ಮುಂಗಡ ಮಾತ್ರ ಕಳೆಯಬಹುದು.

ಆ ಬಂಗಾಳದ ಹುಡುಗರ ಹೆಸರು ನಿಮ್ಮ ಹಾಜರಿ ಪುಸ್ತಕದಲ್ಲಿ ಇದೆಯಾ? ಸಂಬಳ ಎಷ್ಟು ಎಂದು ಬರೆದಿದ್ದೀರಾ? ಪ್ರೀಮಿಯಂ ಕಡಿಮೆ ಆಗಲಿ ಎಂದು ನಾಲ್ಕು ಜನ ಎಂದು ತೋರಿಸಿ ಆರು ಜನರನ್ನು ಏಣಿ ಹತ್ತಿಸಿದರೆ ಬೀಳುವವ ಐದನೆಯವನೇ. ನೀವು ಕೆಲಸವನ್ನು ಇನ್ನೊಬ್ಬನಿಗೆ ತುಂಡು ಗುತ್ತಿಗೆ ಕೊಟ್ಟರೂ ಅವನ ಆಳುಗಳ ಪರಿಹಾರ ನಿಮ್ಮ ಮೇಲೆ ಬರಬಹುದು, ಆಮೇಲೆ ಅವನಿಂದ ವಸೂಲು ಮಾಡುವುದು ನಿಮ್ಮ ಪಾಡು.

ಪ್ರಶ್ನೆ: ಕುಂಬಳೆಯಲ್ಲಿ ಸಣ್ಣ ಹೋಟೆಲು, ಜೊತೆಗೆ ಬೇಕರಿ. ಶಾಪ್‌ಕೀಪರ್ ಪಾಲಿಸಿ ಇದೆ, ಎಲ್ಲ ಅದರಲ್ಲಿ ಉಂಟು ಎಂದು ಏಜೆಂಟ್ ಹೇಳುತ್ತಾರೆ. ನಿಜವಾ?

ಉತ್ತರ: ಶಾಪ್‌ಕೀಪರ್ ಪಾಲಿಸಿ ಎಂದರೆ ಖಾನೆ ಖಾನೆಯ ಪೆಟ್ಟಿಗೆ ಇದ್ದ ಹಾಗೆ. ಬೆಂಕಿ, ಕಳ್ಳತನ, ಬ್ಯಾಂಕಿಗೆ ಒಯ್ಯುವ ಹಣ, ಗಾಜು, ಬೋರ್ಡು, ಹೊಣೆಗಾರಿಕೆ, ಹೀಗೆ. ನೀವು ಹಣ ಕೊಟ್ಟ ಖಾನೆ ಮಾತ್ರ ತೆರೆಯುತ್ತದೆ. ಹೊಣೆಗಾರಿಕೆಯ ಖಾನೆಯ ಎದುರು ಮೊತ್ತ ಬರೆದಿದೆಯಾ, ಅಡ್ಡ ಗೆರೆ ಎಳೆದಿದೆಯಾ ನೋಡಿ.

ಮೊತ್ತ ಇದ್ದರೂ ಅದು ಸಾಧಾರಣವಾಗಿ ಒದ್ದೆ ನೆಲದಲ್ಲಿ ಗಿರಾಕಿ ಜಾರಿ ಬಿದ್ದದ್ದಕ್ಕೆ. ತಿಂದದ್ದರಿಂದ ಹೊಟ್ಟೆ ಕೆಟ್ಟದ್ದು ಬೇರೆ ವಿಷಯ. ಅದಕ್ಕೆ ಆಹಾರ ಪಾನೀಯದ ಸೇರ್ಪಡೆ ಬೇಕು, ಪ್ಯಾಕ್ ಮಾಡಿ ಬೇರೆ ಅಂಗಡಿಗಳಿಗೂ ಬನ್ನು ಬ್ರೆಡ್ಡು ಹಾಕುತ್ತೀರಾದರೆ ಪ್ರಾಡಕ್ಟ್ ಲಯಬಿಲಿಟಿಯನ್ನೇ (ಮಾರಿದ ವಸ್ತುವಿನಿಂದ ಆಗುವ ಹಾನಿಯ ವಿಮೆ) ಕೇಳಿ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಹೋದದ್ದು, ಹಲವರು ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬೇಕು. ಅಂಥದ್ದು ಆದಾಗ ಪೊಲೀಸು ಕೇಸು, ಆಹಾರ ಸುರಕ್ಷತೆಯವರ ದಂಡ ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಪರಿಹಾರ ಮತ್ತು ವಕೀಲರ ಖರ್ಚು ಮಾತ್ರ.

ಪ್ರಶ್ನೆ: ಮಂಜೇಶ್ವರದ ಪೈಂಟಿಂಗ್ ಕಾಂಟ್ರಾಕ್ಟರ್. ಮಂಗಳೂರಿನ ಫ್ಲಾಟಿನವರು ಒಂದು ಕೋಟಿಯ ಸಿ.ಜಿ.ಎಲ್. ಪಾಲಿಸಿ ತನ್ನಿ ಎನ್ನುತ್ತಾರೆ. ಇದು ಕಾನೂನಿನಲ್ಲಿ ಕಡ್ಡಾಯವಾ?

ಉತ್ತರ: ನಿಮಗೆ ಕಡ್ಡಾಯ ಅಲ್ಲ. ಭೋಪಾಲದ ದುರಂತದ ನಂತರ 1991ರಲ್ಲಿ ಬಂದ ಪಬ್ಲಿಕ್ ಲಯಬಿಲಿಟಿ ಕಾಯ್ದೆ ಕಡ್ಡಾಯ ಮಾಡಿದ್ದು ಅಪಾಯದ ರಾಸಾಯನಿಕ ಇಟ್ಟುಕೊಳ್ಳುವವರಿಗೆ. ಫ್ಲಾಟಿನವರು ಕೇಳುವುದು ಅವರ ಕರಾರಿನ ಷರತ್ತು, ಕೆಲಸ ಬೇಕಿದ್ದರೆ ಮಾಡಿಸಬೇಕು ಅಷ್ಟೆ. ಸಿ.ಜಿ.ಎಲ್. ಎಂದರೆ ಕಮರ್ಷಿಯಲ್ ಜನರಲ್ ಲಯಬಿಲಿಟಿ, ನೀವು ಕೆಲಸ ಮುಗಿಸಿ ಹೋದ ಮೇಲೆ ಆಗುವ ನಷ್ಟವನ್ನೂ ಇದು ನೋಡಿಕೊಳ್ಳಬಹುದು. ಬಣ್ಣ ಕಿತ್ತು ಬಂದರೆ ಮತ್ತೆ ಹೊಡೆಯುವ ಖರ್ಚು ಮಾತ್ರ ನಿಮ್ಮದೇ. ಒಂದು ಕೋಟಿ ಎಂದರೆ ಒಂದು ಅಪಘಾತಕ್ಕಾ, ಇಡೀ ವರ್ಷಕ್ಕಾ ಎಂದು ಕೇಳಿ. ಕರಾರಿನಲ್ಲಿ ಯಾವ ನಷ್ಟವಾದರೂ ಪೈಂಟರನೇ ಹೊಣೆ ಎಂದು ಬರೆದಿದ್ದರೆ ಆ ವಾಕ್ಯ ಹೊಡೆಸಿ, ಅದರಿಂದ ಬರುವ ಜಾಸ್ತಿ ಹೊಣೆ ಪಾಲಿಸಿಗೆ ಸೇರುವುದಿಲ್ಲ.

ಪ್ರಶ್ನೆ: ಕಂಪನಿ ಕ್ಲೈಮ್ ಕೊಡದಿದ್ದರೆ ಕೋರ್ಟೇ ಗತಿಯಾ? (ಮುಳ್ಳೇರಿಯ, ಶಾಮಿಯಾನದವರು)

ಉತ್ತರ: ಅಲ್ಲ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ತೀರ್ಮಾನಿಸುವವರು) ಹತ್ತಿರ ಹೋಗಬಹುದು. ಶುಲ್ಕ ಇಲ್ಲ, ವಕೀಲ ಬೇಡ, 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ಒಬ್ಬರದೇ ಹೆಸರಿನ ಅಂಗಡಿ, ಅತಿ ಸಣ್ಣ ಉದ್ಯಮದವರಿಗೂ ಅವಕಾಶ ಇದೆ. ಕೇರಳಕ್ಕೆ ಕಚೇರಿ ಕೊಚ್ಚಿಯಲ್ಲಿ. ಆದರೆ ನೀವು ಪಾಲಿಸಿ ಮಾಡಿಸಿದ್ದು ಮಂಗಳೂರಿನ ಶಾಖೆಯಲ್ಲಾದರೆ ಬೆಂಗಳೂರಿನ ಓಂಬುಡ್ಸ್‌ಮನ್ ಹತ್ತಿರವೂ ದೂರು ಕೊಡಬಹುದು, ಏಕೆಂದರೆ ನಿಯಮದಲ್ಲಿ ದೂರುದಾರರ ಮನೆ ಇರುವ ಕಡೆ ಅಥವಾ ಕಂಪನಿಯ ಶಾಖೆ ಇರುವ ಕಡೆ, ಎರಡೂ ನಡೆಯುತ್ತದೆ. ಮಲಯಾಳ ಕಾಗದಪತ್ರ ಕಷ್ಟ ಎನ್ನುವ ನಮ್ಮವರಿಗೆ ಇದು ಸ್ವಲ್ಪ ಅನುಕೂಲ.